ಪುಣೆ ಕ್ಯಾಂಪ್‌ನಲ್ಲಿ .22 ರಿಪೇರಿ: ಕೊಕ್ಕೆ ಕೆಲಸ ಚೊಕ್ಕ, ಮ್ಯಾಗಜಿನ್ ಕೆಲಸ ಅಷ್ಟಕ್ಕಷ್ಟೆ

ಹಳೆಯ .22 ಬೋಲ್ಟ್ ರೈಫಲ್ ತೋಟೆ ನುಂಗುವುದಿಲ್ಲ, ನುಂಗಿದರೆ ಉಗುಳುವುದಿಲ್ಲ ಎನ್ನುವವರಿಗೆ ಕ್ಯಾಂಪ್ ಭಾಗದ ಈ ರಿಪೇರಿ ಅಂಗಡಿ ಅರ್ಧ ಮಟ್ಟಿಗೆ ಸರಿಯಾದ ಜಾಗ. ಉಗುಳದ ಕಾಯಿಲೆಗೆ ಇಲ್ಲಿ ಒಳ್ಳೆಯ ಮದ್ದಿದೆ. ನುಂಗದ ಕಾಯಿಲೆಗೆ ಇವರ ಕೈ ಅವಸರದ್ದು.

ರೈಫಲ್ ಜೊತೆ ಅದರಲ್ಲೇ ಹಾರಿಸಿದ ಐದಾರು ಖಾಲಿ ತೋಟೆ ತನ್ನಿ ಎನ್ನುತ್ತಾರೆ. ಬೋಲ್ಟ್ (ಹಿಂದೆ ಮುಂದೆ ಸರಿದು ತೋಟೆಯನ್ನು ಒಳಹಾಕಿ ಹೊರತೆಗೆಯುವ ಭಾಗ) ಬಿಚ್ಚುವ ಮೊದಲು ಲೂಪ್ ಎಂಬ ಭೂತಗನ್ನಡಿ ಹಿಡಿದು ನೋಡುವುದು ಅವನ್ನೇ. ತೋಟೆಯ ಬುಡದ ಅಂಚು ಹರಿದಿದ್ದರೆ ಕೊಕ್ಕೆ (ಖಾಲಿ ತೋಟೆಯನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರ್) ತನ್ನ ಕೆಲಸ ಮಾಡಿದೆ, ತೋಟೆಯನ್ನು ಬಿಡದೆ ಹಿಡಿದಿರುವುದು ಚೇಂಬರ್, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡು. ಅಂಚು ನುಣ್ಣಗಿದ್ದರೆ ಕೊಕ್ಕೆ ಜಾರಿದೆ. ಹಿತ್ತಾಳೆಯ ಮೈಮೇಲೆ, ತೋಟೆ ಸಿಡಿಸುವ ಪಿನ್ನಿನ ಗುರುತಿನ ನೇರಕ್ಕೆ ಉದ್ದುದ್ದ ಒಂದು ಗೀರು ಇದ್ದರೆ, ಖಾಲಿ ಕೋವಿಯ ಕುದುರೆಯನ್ನು ಯಾರೋ ಎಳೆದೂ ಎಳೆದೂ ಪಿನ್ನು ಚೇಂಬರಿನ ಬಾಯಂಚನ್ನು ಜಜ್ಜಿರುವ ಸಾಧ್ಯತೆಯೇ ಹೆಚ್ಚು. ಇನ್ನು ಖಾಲಿ ತೋಟೆ ಚೇಂಬರಿನಿಂದ ಹೊರಬಂದು ಅಲ್ಲೇ ಬಿದ್ದಿರುತ್ತದೆ ಅನ್ನಿ, ಆಗ ದೋಷ ಕೊಕ್ಕೆಯದಲ್ಲ, ತೋಟೆಯನ್ನು ಹೊರಗೆ ಚಿಮ್ಮಿಸುವ ಇಜೆಕ್ಟರಿನದು.

ಹೆಚ್ಚಿನ ರೈಫಲ್‌ಗಳ ರೋಗ ಬರೀ ಕೊಳೆ. .22 ಲಾಂಗ್ ರೈಫಲ್ ತೋಟೆಯ ಸೀಸದ ಗುಂಡಿನ ಮೇಲೆ ಮೇಣದ ಲೇಪ ಇರುತ್ತದೆ. ಮೇಣ, ಮಸಿ, ಸೀಸ ಸೇರಿ ಚೇಂಬರಿನೊಳಗೆ ಗಟ್ಟಿ ಉಂಗುರ ಕಟ್ಟುತ್ತದೆ. ನಳಿಗೆ ಫಳಫಳ ಹೊಳೆಯುತ್ತಿದ್ದರೂ ಇದು ಉಳಿದಿರುತ್ತದೆ. ಸಾಲ್ವೆಂಟ್ ಹಾಕಿ ಕಾಲು ಗಂಟೆ ಬಿಟ್ಟು, ಹೊಸ ಕಂಚಿನ ಬ್ರಷ್ಷನ್ನು ಹಿಂದಿನಿಂದ ತೂರಿಸಿ ತಿರುಗಿಸಬೇಕು. ಹಿಂದೆ ಮುಂದೆ ಉಜ್ಜಿದರೆ ಸಾಲದು. ಇದನ್ನು ಕೌಂಟರಿನ ಮೇಲೇ ಮಾಡಿ ತೋರಿಸಿ, ಸರಿಹೋದರೆ ಬೇರೆ ರಿಪೇರಿ ಹಚ್ಚದೆ ಕಳಿಸುತ್ತಾರೆ. ಈ ಪ್ರಾಮಾಣಿಕತೆಗೆ ಪೂರ್ತಿ ಅಂಕ.

ಜಜ್ಜಿದ ಬಾಯಂಚಿಗೆ ಇವರು ಅರ ಹಿಡಿಯುವುದಿಲ್ಲ, ರೀಮರ್ ಕೂಡ ಇಲ್ಲ. ಚೇಂಬರ್ ಐರನ್ ಎಂಬ ಗಡಸು ಉಕ್ಕಿನ ಮೊನಚು ಸಲಾಕೆ ತೂರಿಸಿ, ಒಳಕ್ಕೆ ಉಬ್ಬಿದ ಲೋಹವನ್ನು ಇದ್ದ ಜಾಗಕ್ಕೇ ಒತ್ತುತ್ತಾರೆ. ರೀಮರ್ ಲೋಹವನ್ನು ಕೆರೆದು ತೆಗೆಯುತ್ತದೆ. ಚೇಂಬರ್ ಸಡಿಲವಾದರೆ ತೋಟೆಯ ಹಿತ್ತಾಳೆ ಉಬ್ಬುತ್ತದೆ, ಕೆಟ್ಟರೆ ಒಡೆಯುತ್ತದೆ.

ಕೊಕ್ಕೆಯ ವಿಷಯದಲ್ಲೂ ಕ್ರಮ ಸರಿಯಿದೆ: ಮೊದಲು ಕೊಕ್ಕೆಯ ಅಡಿಯ ಕೊಳೆ, ಆಮೇಲೆ ಸ್ಪ್ರಿಂಗ್, ಕೊನೆಗೆ ಕೊಕ್ಕೆ. ಬ್ರನೋ ಮಾಡೆಲ್ 2ರಂಥ ಎರಡು ಕೊಕ್ಕೆಯ ಬೋಲ್ಟ್ ಬಿಚ್ಚುವಾಗ ಎಡ, ಬಲ ಗುರುತು ಹಾಕಿಕೊಳ್ಳುತ್ತಾರೆ. ತೋಟೆಯ ಅಂಚು ಸುಮಾರು 1 ಮಿ.ಮೀ. ದಪ್ಪ ಅಷ್ಟೆ, ಹಾಗಾಗಿ ಕೊಕ್ಕೆಯ ತುದಿ ಕೊಂಚ ದುಂಡಗಾದರೂ ಹಿಡಿತ ತಪ್ಪುತ್ತದೆ. ಒಳಮುಖಕ್ಕೆ ಸಾಣೆಕಲ್ಲಿನಲ್ಲಿ ನಾಲ್ಕು ಎಳೆತ ಸಾಕು, ಹೆಚ್ಚಾದರೆ ಹೊಸ ಕೊಕ್ಕೆಯೇ ಗತಿ.

ತೋಟೆ ತುಂಬುವ ಪೆಟ್ಟಿಗೆಯಾದ ಮ್ಯಾಗಜಿನ್ ವಿಷಯಕ್ಕೆ ಬಂದರೆ ಈ ತಾಳ್ಮೆ ಕಾಣುವುದಿಲ್ಲ. ಗುಂಡಿನ ಮೂಗು ಚೇಂಬರಿನ ಕೆಳಗೆ ಗುದ್ದುತ್ತದೆ ಎಂದರೆ ಸಾಕು, ಇಕ್ಕಳ ತೆಗೆದು ಮ್ಯಾಗಜಿನ್ನಿನ ತುಟಿ (ಮೇಲಿನ ತೋಟೆಯನ್ನು ತಡೆದು ಹಿಡಿಯುವ ಬಾಗಿದ ಅಂಚು) ಬಗ್ಗಿಸಲು ಹೊರಡುತ್ತಾರೆ. ಅದಕ್ಕೂ ಮೊದಲು ಎರಡು ನೋಟ ಬೇಕು. ಮ್ಯಾಗಜಿನ್ನನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದು, ಮದ್ದಿಲ್ಲದ ಡಮ್ಮಿ ತೋಟೆ ಹಾಕಿ ಬೋಲ್ಟ್ ಓಡಿಸಿ. ಆಗ ಸಲೀಸಾಗಿ ಹೋದರೆ ತುಟಿ ಸರಿಯಿದೆ. ಸವೆದಿರುವುದು ಮ್ಯಾಗಜಿನ್ನನ್ನು ಹಿಡಿದಿಡುವ ಕ್ಯಾಚ್, ಇಲ್ಲವೇ ಮ್ಯಾಗಜಿನ್ ಮನೆಯ ಸ್ಕ್ರೂ ಸಡಿಲ. ಮಳೆಗಾಲದಲ್ಲಿ ರೈಫಲ್ಲಿನ ಕಟ್ಟಿಗೆಯ ಭಾಗ ಉಬ್ಬಿ ಮ್ಯಾಗಜಿನ್ ತಗ್ಗಿ ಕೂರುವುದೂ ಉಂಟು. ಎರಡನೆಯದು, ತುಂಬಿದ ರೀತಿ: ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು, ಹಿಂದೆ ಬಿದ್ದರೆ ಸಿಕ್ಕಿಕೊಳ್ಳುತ್ತದೆ. ಇವೆರಡೂ ಸರಿಯಿದ್ದರೆ ಮಾತ್ರ ತುಟಿ ಮುಟ್ಟಲಿ. ಅದೂ ಸರಿಯಿರುವ ಇನ್ನೊಂದು ಮ್ಯಾಗಜಿನ್ನಿಗೆ ವರ್ನಿಯರ್ ಹಿಡಿದು ಹೋಲಿಸಿ, ಒಮ್ಮೆಗೆ 0.1 ಮಿ.ಮೀ. ಲೆಕ್ಕದಲ್ಲಿ. ದಣಿದ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿಕೊಡುತ್ತಾರೆ, ಅದು ನಾಲ್ಕು ದಿನದ ಮಾತು. ಹೊಸದನ್ನೇ ಕೇಳಿ.

ಆರ್ಮ್ಸ್ ಆಕ್ಟ್ 1959ರ ಸೆಕ್ಷನ್ 5ರಂತೆ ರಿಪೇರಿ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಇವರದ್ದು ಗೋಡೆಯ ಮೇಲಿದೆ. ನಿಮ್ಮ ಲೈಸೆನ್ಸ್‌ನ ಮೂಲಪ್ರತಿ ನೋಡಿ, ನಂಬರ್ ಬರೆದುಕೊಂಡು ರಸೀದಿ ಕೊಡುತ್ತಾರೆ. ಕೊಡಗಿನ ಲೈಸೆನ್ಸ್ ವಿನಾಯಿತಿ ಪತ್ರದ ಕೋವಿಯಾದರೆ, ಪುಣೆಗೆ ತರುವ ಮೊದಲೇ ಮಡಿಕೇರಿಯ ಡಿಸಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಅಂಗಡಿಯಲ್ಲಿ ಪರೀಕ್ಷೆ ಡಮ್ಮಿ ತೋಟೆಯಲ್ಲಿ ಮಾತ್ರ, ಹಾರಿಸಿ ನೋಡುವುದು ರೇಂಜ್‌ನಲ್ಲೇ.

ಗೋವಾ, ಕೊಂಕಣದ ಉಪ್ಪು ಗಾಳಿಯಲ್ಲಿ ತುಕ್ಕು ತಿಂದು ಚೇಂಬರಿನ ಗೋಡೆ ಗುಳಿಬಿದ್ದಿದ್ದರೆ ಮಾತ್ರ ಇಲ್ಲಿಯವರೆಗೆ ಬರುವ ಶ್ರಮ ಬೇಡ. ಹಿತ್ತಾಳೆ ಆ ಗುಳಿಗಳಿಗೆ ಕಚ್ಚಿಕೊಳ್ಳುತ್ತದೆ, ಪಾಲಿಶ್‌ನಿಂದ ಹೋಗುವುದಿಲ್ಲ. ನಳಿಗೆಯೊಳಗೆ ಲೈನರ್ ಎಂಬ ಹೊಸ ಕೊಳವೆ ಹಾಕುವ ಕೆಲಸ ಈ ಅಂಗಡಿಯಲ್ಲಿ ಇಲ್ಲ.