ಆ್ಯಪ್ ಐಡಿಯಾ: ಮಾತಾಡಿ ಹುಡುಕುವುದಾ, ಬರೆದು ಹುಡುಕುವುದಾ?

ಪ್ರಾಜೆಕ್ಟ್‌ಗೆ ಆ್ಯಪ್ ಐಡಿಯಾ ಬೇಕೆಂದರೆ ತಂಡಗಳು ಸಾಮಾನ್ಯವಾಗಿ ಸುತ್ತ ಕೂತು ಮಾತಾಡುತ್ತವೆ. ಸಿದ್ಧತೆ ಬೇಡ, ಹುರುಪೂ ಬರುತ್ತದೆ. ಆದರೆ ಜಾಸ್ತಿ ಮಾತಾಡುವವರ ಐಡಿಯಾವೇ ಉಳಿಯುತ್ತದೆ, ಅಲ್ವಾ?

ಇನ್ನೊಂದು ದಾರಿ, ಹಾಳೆಯಲ್ಲಿ ಬರೆದು ಹುಡುಕುವ 6-3-5 ವಿಧಾನ. ಜರ್ಮನಿಯ ಬರ್ನ್ಡ್ ರೋರ್‌ಬಾಖ್ 1968ರಲ್ಲಿ ಪರಿಚಯಿಸಿದ್ದು. 6 ಜನ, ತಲಾ 3 ಐಡಿಯಾ, 5 ನಿಮಿಷ. ಆಮೇಲೆ ಹಾಳೆ ಪಕ್ಕದವರಿಗೆ. ಅವರು ಅದನ್ನು ಓದಿ, ಬೆಳೆಸಿ, ಇನ್ನೂ ಮೂರು ಬರೆಯುತ್ತಾರೆ. ಆರು ಸುತ್ತು ಮುಗಿದರೆ ಅರ್ಧ ಗಂಟೆಯಲ್ಲಿ 108 ಐಡಿಯಾ! ಹಾಸ್ಟೆಲ್ ಮೆಸ್ಸಿನಲ್ಲಿ ಉಳಿಯುವ ಅನ್ನದ ಲೆಕ್ಕ ಇಡುವ ಆ್ಯಪ್‌ನಂಥ ಯೋಚನೆ ಮಾತು ಕಮ್ಮಿ ಇರುವವರ ತಲೆಯಲ್ಲೂ ಇರುತ್ತದೆ. ಅಂಥವರು ತಂಡದಲ್ಲಿದ್ದರೆ ಇದನ್ನೇ ಆರಿಸಿ.

ಸೋಸುವಾಗ? ಇಷ್ಟವಾದ ಐಡಿಯಾ ಪಕ್ಕ ಚುಕ್ಕೆ ಇಟ್ಟು ಮತ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಕೇಳಲು ಚಂದ ಇದ್ದದ್ದೇ ಗೆಲ್ಲಬಹುದು. ಹಾಗಾಗಿ ಮತದಿಂದ ನಾಲ್ಕೈದಕ್ಕೆ ಮಾತ್ರ ಇಳಿಸಿ. ಕೊನೆಯದನ್ನು ಆರಿಸುವ ಮೊದಲು ಬಳಸುವ ಜನರನ್ನೇ ಕೇಳಿ, ಸೆಮಿಸ್ಟರ್‌ನೊಳಗೆ ಮುಗಿಸಲು ಆಗುತ್ತದಾ ನೋಡಿ.