ಎಂಜಿನ್ ಬಿಚ್ಚಿಸುವ ಮೊದಲು ಈ ಕಿಟ್: ಯುವಿ ಡೈ, ಟಾರ್ಚ್, ಲೀಕ್‌ಡೌನ್ ಗೇಜ್, ಐದು ವರ್ಷದ ಬಳಕೆ

"ರಿಂಗ್ ಹೋಗಿದೆ, ಎಂಜಿನ್ ಪೂರ್ತಿ ಇಳಿಸಬೇಕು." ಐದು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ ನನ್ನ ಬೈಕನ್ನು ಒಮ್ಮೆ ಸ್ಟಾರ್ಟ್ ಮಾಡಿ, ಸೈಲೆನ್ಸರ್‌ನಿಂದ ಬಂದ ನೀಲಿ ಹೊಗೆ ನೋಡಿ ಹೇಳಿದ ಮಾತು ಇದು. ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂತು, ಎಣ್ಣೆ ಮೇಲೆ ಹೋಗದಂತೆ ತಡೆಯುವ ಬಳೆ. ಎಂಜಿನ್ ಕೆಳಗೆ ಎಣ್ಣೆ ಪಸೆಯೂ ಇತ್ತು. ಅದಕ್ಕೂ ಇದೇ ಕಾರಣ ಅಂದರು. ಒಂದು ನಿಮಿಷ ನೋಡಿ ಹೇಳಿದ ಮಾತನ್ನು ನಂಬಿ ಎಂಜಿನ್ ಬಿಚ್ಚಿಸಲು ಮನಸ್ಸು ಬರಲಿಲ್ಲ. ಆಗ ತರಿಸಿದ್ದು ಸೋರಿಕೆಯ ಮೂಲ ಹುಡುಕುವ ಈ ಕಿಟ್. ಇವತ್ತಿಗೂ ಆ ಎಂಜಿನ್‌ನ ರಿಂಗ್ ಬದಲಾಗಿಲ್ಲ.

ನನ್ನದು ಹಳೆಯ ಟೂರಿಂಗ್ ಬೈಕ್. ಸಾಲಾಗಿ ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್, ಕೂಲೆಂಟ್, ಹೈಡ್ರಾಲಿಕ್ ಕ್ಲಚ್, ಶಾಫ್ಟ್ ಡ್ರೈವ್. ಇಂಥ ಬೈಕಿನಲ್ಲಿ ಸೋರುವುದಕ್ಕೆ ದ್ರವಗಳು ತುಂಬಾ: ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಮತ್ತು ಕ್ಲಚ್ ಫ್ಲೂಯಿಡ್, ಫೋರ್ಕ್ ಆಯಿಲ್, ಹಿಂದಿನ ಗೇರ್ ಆಯಿಲ್, ಪೆಟ್ರೋಲ್. ಮೇಲಿಂದ ಫೇರಿಂಗ್ ಎಂಬ ಹೊದಿಕೆ ಎಲ್ಲವನ್ನೂ ಮುಚ್ಚಿರುತ್ತದೆ. ಎಲ್ಲಿಂದಲೋ ಸೋರಿದ್ದು ಇನ್ನೆಲ್ಲಿಂದಲೋ ತೊಟ್ಟಿಕ್ಕುತ್ತದೆ.

ಕಿಟ್‌ನಲ್ಲಿ ಬಂದದ್ದು: ಆಯಿಲ್‌ಗೆ ಹಾಕುವ ಡೈ (ಯುವಿ ಬೆಳಕಿನಲ್ಲಿ ಹೊಳೆಯುವ ಬಣ್ಣ), ಕೂಲೆಂಟ್‌ಗೆ ಬೇರೆ ಡೈ, ಯುವಿ ಟಾರ್ಚ್, ಹಳದಿ ಕನ್ನಡಕ, ಸಿಲಿಂಡರ್‌ನಿಂದ ಎಷ್ಟು ಗಾಳಿ ಸೋರುತ್ತದೆ ಎಂದು ತೋರಿಸುವ, ಎರಡು ಡಯಲ್‌ಗಳ ಲೀಕ್‌ಡೌನ್ ಗೇಜ್, ಪ್ಲಗ್ ಜಾಗಕ್ಕೆ ತಿರುಗಿಸುವ 10 ಮತ್ತು 12 ಎಂಎಂ ಅಡಾಪ್ಟರ್. ಗೇಜ್‌ಗೆ ಏರ್ ಕಂಪ್ರೆಸರ್ ಬೇಕೇ ಬೇಕು, ಅದು ನಿಮ್ಮದೇ ಆಗಿರಬೇಕು. ಬೈಕ್‌ನಲ್ಲಿ ಕ್ಲಚ್ ಕೂಡ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತೆ, ಅಲ್ವಾ? ಹಾಗಾಗಿ ವೆಟ್ ಕ್ಲಚ್‌ಗೆ ಸರಿಹೋಗುತ್ತದೆ ಎಂದು ಬಾಟಲಿ ಮೇಲೆ ಬರೆದಿರುವ ಡೈಯನ್ನೇ ಆರಿಸಿಕೊಂಡೆ. ಐದು ವರ್ಷದಲ್ಲಿ ಕ್ಲಚ್ ಒಮ್ಮೆಯೂ ಜಾರಿಲ್ಲ.

ಮೊದಲ ಸಲ ಡೈ ಸುರಿದು ಅರವತ್ತು ಕಿಲೋಮೀಟರ್ ಓಡಿಸಿ ಬಂದೆ. ಕತ್ತಲೆಯಲ್ಲಿ ಟಾರ್ಚ್ ಹಾಕಿದರೆ ಎಂಜಿನ್‌ನ ಅರ್ಧ ಭಾಗ ಹಸಿರು-ಹಳದಿ ಹೊಳೆಯುತ್ತಿತ್ತು. ಅದರಿಂದ ಏನೂ ಗೊತ್ತಾಗಲಿಲ್ಲ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ನೆಲದ ಸೆಳೆತ ಕೆಳಕ್ಕೆ ಎಳೆಯುತ್ತದೆ. ಹಳೆಯ ಜಿಡ್ಡು ಹೊಸ ಎಣ್ಣೆಯನ್ನು ಹೀರಿಕೊಂಡು ಸುತ್ತಲೂ ಹರಡುತ್ತದೆ. ಹಾಗಾಗಿ ನೋಡಬೇಕಾದ್ದು ತೊಟ್ಟಿಕ್ಕುವ ಜಾಗವನ್ನಲ್ಲ. ಒದ್ದೆಯಾದ ಭಾಗದಲ್ಲಿ ಅತಿ ಮೇಲಿನ, ಅತಿ ಮುಂದಿನ ಬಿಂದುವನ್ನು ಹುಡುಕಬೇಕು. ಆ ಬಿಂದು ಕಾಣಬೇಕಾದರೆ ಎಂಜಿನ್ ಒಣಗಿ, ಶುಚಿಯಾಗಿ ಇರಲೇಬೇಕು.

ಎರಡನೆಯ ಸಲ ಫೇರಿಂಗ್ ತೆಗೆದು, ತಣ್ಣಗಿರುವ ಎಂಜಿನ್‌ಗೆ ಡಿಗ್ರೀಸರ್ ಹಚ್ಚಿ, ಬ್ರಷ್‌ನಿಂದ ಮೂಲೆ ಮೂಲೆ ಉಜ್ಜಿ, ತೊಳೆದು, ಒಂದು ದಿನ ಒಣಗಲು ಬಿಟ್ಟೆ. ಆಮೇಲೆ ಬರೀ ಹತ್ತು ಕಿಲೋಮೀಟರ್ ಓಡಿಸಿ ನೋಡಿದೆ. ಈ ಸಲ ಹೊಳೆದದ್ದು ಒಂದೇ ಒಂದು ಗೆರೆ. ವಾಲ್ವ್ ಕವರ್‌ನ ಬಲತುದಿಯಲ್ಲಿ ಅರ್ಧಚಂದ್ರದ ಆಕಾರದ ರಬ್ಬರ್ ಇರುವ ಜಾಗದಿಂದ ಹೊರಟು, ಸಿಲಿಂಡರ್ ಬದಿಯ ಏಣು ಹಿಡಿದು ಇಳಿದು, ಕೆಳಗಿನ ಕವರ್‌ನ ಬೋಲ್ಟ್ ಹತ್ತಿರ ನಿಂತಿತ್ತು. ನೆಲಕ್ಕೆ ಬೀಳುತ್ತಿದ್ದುದು ಆ ಬೋಲ್ಟ್‌ನಿಂದ. ಅದನ್ನೇ ನೋಡಿದ್ದರೆ ಕೆಳಗಿನ ಕವರ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸುತ್ತಿದ್ದೆ, ಸೋರಿಕೆ ಮಾತ್ರ ಹಾಗೇ ಉಳಿಯುತ್ತಿತ್ತು. ತೆಗೆದ ವಾಲ್ವ್ ಕವರ್ ಗ್ಯಾಸ್ಕೆಟ್ ಪ್ಲಾಸ್ಟಿಕ್‌ನಷ್ಟು ಗಟ್ಟಿಯಾಗಿತ್ತು. ಬಿಸಿಯಲ್ಲಿ ವರ್ಷಗಟ್ಟಲೆ ಬೆಂದ ರಬ್ಬರ್ ಒತ್ತಿದ ಆಕಾರದಲ್ಲೇ ಕೂತುಬಿಡುತ್ತದೆ, ಮತ್ತೆ ಉಬ್ಬಿ ಸಂದು ಮುಚ್ಚುವುದಿಲ್ಲ.

ಆದರೆ ಎಡಗಡೆ, ಗೇರ್ ಲಿವರ್ ಮೇಲಿನ ಭಾಗದಲ್ಲಿ ಇನ್ನೊಂದು ಪಸೆ ಉಳಿದಿತ್ತು. ಅದು ಒದ್ದೆಯಾಗಿತ್ತು, ಆದರೆ ಡೈನ ಹೊಳಪು ಇರಲಿಲ್ಲ. ನನಗೆ ಈ ಕಿಟ್‌ನ ನಿಜವಾದ ಬೆಲೆ ತಿಳಿದದ್ದು ಅಲ್ಲಿ. ಹೊಳೆಯದೇ ಇರುವುದು ಕೂಡ ಒಂದು ಉತ್ತರ. ಅದು ಎಂಜಿನ್ ಆಯಿಲ್ ಅಲ್ಲ ಅಂತ ಅರ್ಥ. ಬೆರಳಿಗೆ ಹಚ್ಚಿಕೊಂಡೆ. ನಸು ಹಳದಿ, ತೆಳು, ಜಾರು. ನೀರು ಹಾಕಿದ ತಕ್ಷಣ ಕರಗಿ ಹೋಯಿತು. ಎಣ್ಣೆ ಹಾಗೆ ನೀರಿನಲ್ಲಿ ಕರಗುವುದಿಲ್ಲ. ಅದು ಕ್ಲಚ್‌ನ ಡಾಟ್ 4 ಫ್ಲೂಯಿಡ್. ಆ ಫ್ಲೂಯಿಡ್‌ನ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್‌ನ ಸೀಲ್ ಸೋತಿತ್ತು. ಹತ್ತಿರದ ಕವರ್‌ನಲ್ಲಿ ಬಣ್ಣ ಎದ್ದು ಬಂದಿದ್ದಕ್ಕೂ ಕಾರಣ ಸಿಕ್ಕಿತು, ಯಾಕೆಂದರೆ ಈ ಫ್ಲೂಯಿಡ್ ಬಣ್ಣವನ್ನು ತಿನ್ನುತ್ತದೆ. "ಎಂಜಿನ್ ಸೋರಿಕೆ" ಅಂದುಕೊಂಡಿದ್ದ ಎರಡರಲ್ಲಿ ಒಂದು ಎಂಜಿನ್‌ನದ್ದೇ ಅಲ್ಲ!

ಇದಾದ ಮೇಲೆ ರಾತ್ರಿ ಬೈಕ್ ಕೆಳಗೆ ಒಂದು ಬಿಳಿ ರಟ್ಟು ಹಾಸುವುದನ್ನು ರೂಢಿ ಮಾಡಿಕೊಂಡೆ. ಮುಂದಿನ ಚಕ್ರ ಎಲ್ಲಿ ನಿಲ್ಲುತ್ತದೆ ಅಂತ ಗುರುತು ಹಾಕಿದರೆ ಬೆಳಗ್ಗೆ ಹನಿ ಯಾವ ಭಾಗದ್ದು ಎಂದು ತಿಳಿಯುತ್ತದೆ. ಮೂಗು ಇಲ್ಲಿ ಟಾರ್ಚ್‌ನಷ್ಟೇ ಕೆಲಸಕ್ಕೆ ಬರುತ್ತದೆ. ಶಾಫ್ಟ್ ಡ್ರೈವ್‌ನ ಗೇರ್ ಆಯಿಲ್‌ಗೆ ಗಂಧಕದ ಗಬ್ಬು ವಾಸನೆ, ಒಮ್ಮೆ ಮೂಸಿದರೆ ಮರೆಯುವುದಿಲ್ಲ. ಕೂಲೆಂಟ್‌ಗೆ ಸಿಹಿ ವಾಸನೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ನಾಯಿ ಬೆಕ್ಕುಗಳು ಸಿಹಿಗೆ ನೆಕ್ಕಿ ಸಾಯುತ್ತವೆ. ಕೂಲೆಂಟ್ ಹನಿ ಕಂಡರೆ ದಯವಿಟ್ಟು ಆಗಲೇ ತೊಳೆದುಬಿಡಿ. ಪೆಟ್ರೋಲ್ ಹನಿ ರಟ್ಟಿನ ಮೇಲೆ ಆರಿ ಬರೀ ಕಲೆ ಉಳಿಯುತ್ತದೆ.

ಇನ್ನು ಹೊಗೆ. ಇಲ್ಲಿ ಕಿಟ್‌ಗಿಂತ ಮೊದಲು ಕೆಲಸ ಮಾಡಬೇಕಾದ್ದು ಕಣ್ಣು. ಬಣ್ಣ ಯಾವುದು ಎನ್ನುವುದು ಅರ್ಧ ಪ್ರಶ್ನೆ. ಯಾವಾಗ ಬರುತ್ತದೆ ಎನ್ನುವುದು ಉಳಿದರ್ಧ. ನೀಲಿ ಅಂದರೆ ಎಣ್ಣೆ ಉರಿಯುತ್ತಿದೆ, ಅಷ್ಟೇ. ಯಾವ ದಾರಿಯಿಂದ ಒಳಗೆ ಹೋಯಿತು ಅಂತ ಬಣ್ಣ ಹೇಳುವುದಿಲ್ಲ.

ಒಂದು ವಾರ ಬರೆದಿಟ್ಟುಕೊಂಡು ನೋಡಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಜಾಸ್ತಿ ಹೊಗೆ, ಒಂದೆರಡು ನಿಮಿಷದಲ್ಲಿ ಕಮ್ಮಿ. ಮೊದಲು ಆಯಿಲ್ ಮಟ್ಟ ನೋಡಿದೆ. ಸೆಂಟರ್ ಸ್ಟ್ಯಾಂಡ್ ಮೇಲೆ ನೇರವಾಗಿ ನಿಲ್ಲಿಸಿದರೆ ಗಾಜಿನ ಕಿಂಡಿ ಪೂರ್ತಿ ಮುಚ್ಚಿತ್ತು. ಹಿಂದಿನ ಸರ್ವಿಸ್‌ನಲ್ಲಿ ಜಾಸ್ತಿ ಸುರಿದಿದ್ದರು. ಸೈಡ್ ಸ್ಟ್ಯಾಂಡ್ ಮೇಲೆ ವಾಲಿಸಿ ಮಟ್ಟ ನೋಡಿದರೆ ಹೀಗಾಗುತ್ತದೆ. ಹೆಚ್ಚಾದ ಎಣ್ಣೆ ಬ್ರೀದರ್ ಪೈಪ್ (ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಪೈಪ್) ಹಿಡಿದು, ಏರ್ ಫಿಲ್ಟರ್ ಇರುವ ಏರ್‌ಬಾಕ್ಸ್‌ಗೆ ಹೋಗಿ, ಅಲ್ಲಿಂದ ಗಾಳಿಯ ಜೊತೆ ಎಂಜಿನ್ ಒಳಗೇ ಬಂದು ಉರಿಯುತ್ತದೆ. ಏರ್‌ಬಾಕ್ಸ್ ತಳದಲ್ಲಿ ಎಣ್ಣೆ ನಿಂತಿತ್ತು. ಬ್ರೀದರ್ ಕಟ್ಟಿಕೊಂಡಿದ್ದರೆ ಇನ್ನೊಂದು ಕಷ್ಟ: ಒಳಗೆ ಒತ್ತಡ ಏರಿ ಚೆನ್ನಾಗಿರುವ ಸೀಲ್‌ಗಳೂ ಜಿನುಗಲು ಶುರು ಮಾಡುತ್ತವೆ. ಏರ್‌ಬಾಕ್ಸ್ ಮತ್ತು ಪೈಪ್ ಶುಚಿ ಮಾಡಿ, ಆಯಿಲ್ ಮಟ್ಟ ಇಳಿಸಿದೆ. ಹೊಗೆ ಅರ್ಧಕ್ಕೆ ಇಳಿಯಿತು.

ಸೈಡ್ ಸ್ಟ್ಯಾಂಡ್ ಬಗ್ಗೆ ಇನ್ನೊಂದು ಮಾತು. ಸಿಲಿಂಡರ್ ಮಲಗಿರುವ ಎಂಜಿನ್‌ಗಳಲ್ಲಿ ಬೈಕ್ ವಾಲಿ ನಿಂತರೆ ಎಣ್ಣೆ ರಿಂಗ್ ದಾಟಿ ನಿಧಾನಕ್ಕೆ ಸಿಲಿಂಡರ್ ಒಳಗೆ ಸೇರುತ್ತದೆ, ಸ್ಟಾರ್ಟ್ ಮಾಡಿದಾಗ ದಟ್ಟ ಹೊಗೆ ಬರುತ್ತದೆ. 1983ರಲ್ಲಿ ಬಂದ ಬಿಎಂಡಬ್ಲ್ಯು ಕೆ100 ಇದಕ್ಕೆ ಹೆಸರುವಾಸಿ. ಅದರ ನಾಲ್ಕೂ ಸಿಲಿಂಡರ್ ಅಡ್ಡ ಮಲಗಿವೆ. ಅಂಥ ಬೈಕ್ ಇದ್ದವರು ಒಂದು ವಾರ ಸೆಂಟರ್ ಸ್ಟ್ಯಾಂಡ್ ಹಾಕಿ ನೋಡದೆ ಎಂಜಿನ್ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಉಳಿದ ಅರ್ಧ ಹೊಗೆಗೆ ಗೆಳೆಯನ ಸಹಾಯ ಬೇಕಾಯಿತು. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರ್‌ನಲ್ಲೇ ಇಳಿದು, ಕೆಳಗೆ ಬಂದು ಮತ್ತೆ ತಿರುಗಿಸಿದೆ. ಹಿಂದೆ ಬರುತ್ತಿದ್ದ ಗೆಳೆಯನಿಗೆ ಆ ಕ್ಷಣ ಒಂದು ನೀಲಿ ಮೋಡ ಕಂಡಿತು. ಏರುವಾಗ, ಎಂಜಿನ್ ಮೇಲೆ ಭಾರ ಇದ್ದಾಗ, ಏನೂ ಇಲ್ಲ. ಥ್ರಾಟಲ್ ಮುಚ್ಚಿದಾಗ ಒಳಗಿನ ಸೆಳೆತ ಜೋರಾಗಿರುತ್ತದೆ, ಆಗ ಎಣ್ಣೆ ವಾಲ್ವ್ ಗೈಡ್ (ವಾಲ್ವ್‌ನ ಕಡ್ಡಿ ಜಾರುವ ಕೊಳವೆ) ಮೂಲಕ ಒಳಗೆ ಎಳೆಯಲ್ಪಡುತ್ತದೆ. ರಾತ್ರಿಯಿಡೀ ನಿಂತಾಗ ಅದೇ ದಾರಿಯಿಂದ ತೊಟ್ಟಿಕ್ಕುತ್ತದೆ. ರಿಂಗ್ ಸವೆದಿದ್ದರೆ ಏರಿನಲ್ಲಿ, ಭಾರದಲ್ಲಿ ಹೊಗೆ ಹೆಚ್ಚಬೇಕಿತ್ತು. ಅನುಮಾನ ಆ ಗೈಡ್‌ಗೆ ಎಣ್ಣೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಮೇಲೆ ಗಟ್ಟಿಯಾಯಿತು.

ಅನುಮಾನ ಸಾಲದು, ಅಳೆಯಬೇಕು. ಲೀಕ್‌ಡೌನ್ ಗೇಜ್ ಇರುವುದು ಇದಕ್ಕೇ. ಎಂಜಿನ್ ಬಿಸಿ ಮಾಡಿ, ಪ್ಲಗ್ ತೆಗೆದು, ಒಂದೊಂದೇ ಸಿಲಿಂಡರ್‌ನ ಪಿಸ್ಟನ್ನನ್ನು ಕಂಪ್ರೆಷನ್‌ನ ತುತ್ತತುದಿಗೆ ತಂದು, ಗಾಳಿ ತುಂಬಿ, ಎಷ್ಟು ಶೇಕಡಾ ಸೋರುತ್ತದೆ ನೋಡುವುದು. ಒಂದು ಎಚ್ಚರಿಕೆ: ಪಿಸ್ಟನ್ ತುದಿಯಿಂದ ಚೂರು ಸರಿದಿದ್ದರೂ ಗಾಳಿ ಅದನ್ನು ಜೋರಾಗಿ ಕೆಳಗೆ ತಳ್ಳಿ ಕ್ರ್ಯಾಂಕ್ ತಿರುಗಿಸುತ್ತದೆ. ಕ್ರ್ಯಾಂಕ್ ಬೋಲ್ಟ್ ಮೇಲೆ ಸ್ಪ್ಯಾನರ್ ಬಿಟ್ಟಿದ್ದರೆ ಕೈ ಮುರಿಯಬಹುದು. ನಾನು ಟಾಪ್ ಗೇರ್ ಹಾಕಿ, ಹಿಂದಿನ ಬ್ರೇಕ್ ಒತ್ತಿಹಿಡಿದು, ಕಡಿಮೆ ಒತ್ತಡದಿಂದ ಶುರು ಮಾಡುತ್ತೇನೆ.

ಮೊದಲ, ಎರಡನೆಯ, ನಾಲ್ಕನೆಯ ಸಿಲಿಂಡರ್ ಹತ್ತು ಶೇಕಡಾಕ್ಕಿಂತ ಕಡಿಮೆ ತೋರಿಸಿದವು. ಅದು ಒಳ್ಳೆಯ ಎಂಜಿನ್‌ನ ಲೆಕ್ಕ. ಮೂರನೆಯದು 34. ಎದೆ ಧಸಕ್ಕೆಂದಿತು. ಆದರೆ ಸೋರುವ ಗಾಳಿ ಎಲ್ಲೋ ಹೊರಗೆ ಬರಲೇಬೇಕು. ಸೈಲೆನ್ಸರ್‌ಗೆ ಕಿವಿಗೊಟ್ಟೆ, ಅಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬ್ಯುರೇಟರ್ ಬಾಯಲ್ಲಿ ಬಂದರೆ ಇನ್‌ಟೇಕ್ ವಾಲ್ವ್. ಆಯಿಲ್ ಸುರಿಯುವ ಬಾಯಲ್ಲಿ ಜೋರು ಸದ್ದಾದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪದರ). ಎಲ್ಲಿಯೂ ಜಾಸ್ತಿ ಸದ್ದಿಲ್ಲ. ಸೋಪು ನೀರು ತಂದು ಅಡಾಪ್ಟರ್ ಬುಡಕ್ಕೆ ಹಚ್ಚಿದೆ. ಗುಳಗುಳ ನೊರೆ! ಕಿಟ್‌ನ ಜೊತೆ ಬಂದ ಓ-ರಿಂಗ್ ಸೀಳಿತ್ತು. ಹೊಸದು ಹಾಕಿದೆ, 9 ಶೇಕಡಾ. ಇದು ಈ ಕಿಟ್ ಮೇಲೆ ನನ್ನ ದೊಡ್ಡ ದೂರು. ಒಂದು ಪುಟ್ಟ ಓ-ರಿಂಗ್ ಕಳಪೆಯಾದರೆ ಒಳ್ಳೆಯ ಎಂಜಿನ್ ಕೆಟ್ಟದ್ದಾಗಿ ಕಾಣುತ್ತದೆ. ತಗೊಂಡ ದಿನವೇ ಎಲ್ಲ ಓ-ರಿಂಗ್ ಬದಲಿಸಿ, ಪ್ರತಿ ಸಲ ಸೋಪು ನೀರಿನಿಂದ ಪರೀಕ್ಷಿಸಿ.

ರಿಂಗ್ ಚೆನ್ನಾಗಿವೆ ಎಂದು ಗೊತ್ತಾದ ಮೇಲೆ ಬೇರೆ ಮೆಕ್ಯಾನಿಕ್ ಹತ್ತಿರ ಈ ಅಂಕಿಗಳನ್ನು ತೆಗೆದುಕೊಂಡು ಹೋದೆ. ಅವರು ಹೆಡ್ ಇಳಿಸದೆಯೇ ವಾಲ್ವ್ ಸೀಲ್ ಬದಲಿಸಿದರು. ಕ್ಯಾಮ್ ತೆಗೆದು, ಇದೇ ಗೇಜ್‌ನ ಹೋಸ್‌ನಿಂದ ಸಿಲಿಂಡರ್‌ಗೆ ಗಾಳಿ ತುಂಬಿದರೆ ವಾಲ್ವ್ ಒಳಗೆ ಬೀಳದೆ ಮೇಲೇ ನಿಲ್ಲುತ್ತದೆ. ಸ್ಪ್ರಿಂಗ್ ತೆಗೆದು ಸೀಲ್ ಹಾಕಬಹುದು. ಕೆಲಸ ಮುಗಿದ ಮರುದಿನವೂ ಹೊಗೆ ಬಂತು. ಹೆದರಬೇಡಿ, ಸೈಲೆನ್ಸರ್ ಒಳಗೆ ವರ್ಷಗಳಿಂದ ಕೂತಿದ್ದ ಎಣ್ಣೆ ಉರಿದು ಹೋಗಬೇಕು. ನನಗೆ ಎರಡು ಲಾಂಗ್ ರೈಡ್ ಬೇಕಾಯಿತು.

ಬಿಳಿ ಹೊಗೆಗೆ ಈ ಕಿಟ್ ಅಷ್ಟು ಸಾಕಾಗಲಿಲ್ಲ. ಚಳಿಯ ಬೆಳಗ್ಗೆ ಬರುವ, ಗಾಳಿಯಲ್ಲಿ ತಕ್ಷಣ ಕರಗುವ ಬಿಳಿ ಬರೀ ಹಬೆ. ಎಂಜಿನ್ ಬಿಸಿಯಾದ ಮೇಲೂ ತೇಲಾಡುವ, ಸಿಹಿ ವಾಸನೆಯ ಬಿಳಿ ಬಂದರೆ, ಕೂಲೆಂಟ್ ಮಟ್ಟ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ನೋಡಬೇಕು. ಅದಕ್ಕೆ ರೇಡಿಯೇಟರ್ ಬಾಯಲ್ಲಿ ಇಡುವ ನೀಲಿ ದ್ರಾವಣದ ಟೆಸ್ಟರ್ ಬೇರೆ ತಂದೆ. ಉರಿದ ಗ್ಯಾಸ್ ಕೂಲೆಂಟ್‌ಗೆ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ನನ್ನದರಲ್ಲಿ ನೀಲಿಯಾಗಿಯೇ ಉಳಿಯಿತು. ಮುಚ್ಚಳವನ್ನು ತಣ್ಣಗಿದ್ದಾಗಲೇ ತೆಗೆಯಿರಿ, ಬಿಸಿ ಇದ್ದಾಗ ಮುಟ್ಟಲೇಬೇಡಿ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ. ಏರ್ ಫಿಲ್ಟರ್, ಚೋಕ್, ಫ್ಲೋಟ್ ನೋಡಿ. ಇದಕ್ಕೆ ಕಿಟ್ ಬೇಕಿಲ್ಲ.

ಟಾರ್ಚ್ ಬಗ್ಗೆ ಹೇಳಲೇಬೇಕು. ಕಿಟ್‌ನದ್ದರ ಬೆಳಕಿನ ತರಂಗಾಂತರ 395 ನ್ಯಾನೋಮೀಟರ್, ಅದರ ನೇರಳೆ ಬೆಳಕೇ ಕಣ್ಣಿಗೆ ರಾಚಿ ಸಣ್ಣ ಸೋರಿಕೆ ಮುಚ್ಚಿಹೋಗುತ್ತದೆ. ಎರಡನೇ ವರ್ಷ ಸ್ವಿಚ್ ಕೆಟ್ಟಾಗ 365ರ ಟಾರ್ಚ್ ತಂದೆ, ವ್ಯತ್ಯಾಸ ತುಂಬಾ ಇದೆ. ಅದರಲ್ಲಿ ಡೈ ಇಲ್ಲದ ಎಣ್ಣೆಯೂ ಮಂಕು ನೀಲಿಯಾಗಿ ಕಾಣುತ್ತದೆ, ಅದನ್ನು ಡೈ ಅಂದುಕೊಳ್ಳಬೇಡಿ. ಕೆಲವು ಕೂಲೆಂಟ್‌ಗಳು ಡೈ ಹಾಕದೆಯೇ ಹೊಳೆಯುತ್ತವೆ, ಮೊದಲು ಒಂದು ಹನಿ ಇಟ್ಟು ನೋಡಿಕೊಳ್ಳಿ.

ಡೈಗೆ 5ಕ್ಕೆ 5, ಗೇಜ್‌ಗೆ 4, ಟಾರ್ಚ್‌ಗೆ 2. ಕಂಪ್ರೆಸರ್ ಇಲ್ಲದವರು ಡೈ ಮತ್ತು 365ರ ಟಾರ್ಚ್ ಮಾತ್ರ ತಗೊಂಡರೂ ಸಾಕು.

ಕಳೆದ ವಾರ ರಟ್ಟಿನ ಮೇಲೆ ಮತ್ತೆ ಒಂದು ಹನಿ ಕಂಡಿತು. ಹಸಿರು, ಸಿಹಿ ವಾಸನೆ. ಟಾರ್ಚ್ ಹಿಡಿದರೆ ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನಿಂದ ಗೆರೆ ಹೊರಟಿತ್ತು. ಆ ತೂತು ಇರುವುದೇ ಇದಕ್ಕೆ: ಎರಡು ಸೀಲ್‌ಗಳ ನಡುವೆ ಕೂಲೆಂಟ್ ಬಂದರೆ ನೀರಿನ ಕಡೆಯ ಸೀಲ್ ಸೋತಿದೆ, ಎಣ್ಣೆ ಬಂದರೆ ಎಣ್ಣೆ ಕಡೆಯದು. ತೂತಿಗೆ ಗಮ್ ಹಾಕಿ ಮುಚ್ಚಿದರೆ ಕೂಲೆಂಟ್ ಆಯಿಲ್ ಒಳಗೆ ಹೋಗುತ್ತದೆ, ಹಾಗೆ ಮಾಡಲೇಬೇಡಿ. ಸೀಲ್ ಸೆಟ್ ತರಿಸಿದ್ದೇನೆ, ಈ ಭಾನುವಾರ ಪಂಪ್ ಬಿಚ್ಚುತ್ತೇನೆ.