ಲೈಬ್ರರಿಯ ಡೇಟಾ ಸೇವೆ: ಪಿಎಚ್‌ಡಿ ಉದ್ದಕ್ಕೂ ಬಳಸಿದ ಮೇಲೆ ಬರೆದ ವಿಮರ್ಶೆ

ರೇಟಿಂಗ್: 5ಕ್ಕೆ 3.5. ಇದರಲ್ಲಿ ಮೂರು ಅಲ್ಲಿನ ಸಿಬ್ಬಂದಿಗೆ, ಉಳಿದ ಅರ್ಧ ಸರ್ವರ್‌ಗೆ.

ಧಾರವಾಡದ ಒಂದು ವಿಶ್ವವಿದ್ಯಾಲಯದ ಲೈಬ್ರರಿ ಸಂಶೋಧಕರಿಗಾಗಿ ನಡೆಸುವ ಡೇಟಾ ಸೇವೆಯ ಬಗ್ಗೆ, ಅಂದರೆ ಸಂಶೋಧನೆಯ ಡೇಟಾ ಹೇಗೆ ಬರೆದಿಡಬೇಕು, ಎಲ್ಲಿ ಇಡಬೇಕು ಅಂತ ನೋಡಿಕೊಡುವ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಯಾವ ವಿಶ್ವವಿದ್ಯಾಲಯ ಅಂತ ಹೇಳಲ್ಲ. ಕೆಳಗೆ ಒಂದಿಷ್ಟು ಬೈದಿದ್ದೇನೆ, ನನ್ನ ವೈವಾ ಇನ್ನೂ ಬಾಕಿ ಇದೆ. ಪಿಎಚ್‌ಡಿಗೆ ಸೇರಿದ ಮೊದಲ ವರ್ಷದಿಂದ ಪ್ರಬಂಧ ಸಲ್ಲಿಸುವ ತನಕ ಈ ಸೇವೆಯನ್ನು ಬಳಸಿದ್ದೇನೆ. ನನ್ನ ವಿಷಯ ಹಾವೇರಿ ಜಿಲ್ಲೆಯ ಬ್ಯಾಡಗಿ ಸುತ್ತಮುತ್ತಲ ಮೆಣಸಿನಕಾಯಿ ಬೆಳೆಗಾರರ ಖರ್ಚು, ಸಾಲ, ಮಾರಾಟ. ಹಾಗಾಗಿ ನನ್ನ ಡೇಟಾ ಪೂರ್ತಿ ಮನೆಮನೆ ಸರ್ವೆಯದ್ದು.

"ಲೈಬ್ರರಿಗೂ ಡೇಟಾಕ್ಕೂ ಏನ್ರೀ ಸಂಬಂಧ?" ಅಂತ ನಮ್ಮ ವಿಭಾಗದಲ್ಲೇ ಕೇಳಿದವರಿದ್ದಾರೆ. ಅವರ ಮಟ್ಟಿಗೆ ಲೈಬ್ರರಿ ಅಂದ್ರೆ ಪುಸ್ತಕ, ರೀಡಿಂಗ್ ಹಾಲ್, ಕೊನೆಗೆ ಪ್ಲೇಜಿಯರಿಸಂ ರಿಪೋರ್ಟ್ ಮತ್ತು ನೋ ಡ್ಯೂ ಸರ್ಟಿಫಿಕೇಟ್. ಪ್ರಬಂಧವನ್ನು ಶೋಧಗಂಗಾಕ್ಕೆ ಏರಿಸುವುದು ಲೈಬ್ರರಿಯವರೇ ಅನ್ನುವುದು ಗೊತ್ತಿರುತ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ಭಂಡಾರಕ್ಕೆ ಪ್ರಬಂಧದ ಪ್ರತಿ ಕೊಡಬೇಕು ಅನ್ನುವ ಯುಜಿಸಿ ನಿಯಮ ಬಂದದ್ದು 2009ರಲ್ಲಿ. ಅದರಿಂದ ಉಪಕಾರವೇ ಆಗಿದೆ. ಗದಗಿನಲ್ಲಿ ಕೂತವರೂ ಗುವಾಹಟಿಯ ಪ್ರಬಂಧ ಓದಬಹುದು. ಆದರೆ ಅಲ್ಲಿ ಸಿಗುವುದು ಪಿಡಿಎಫ್. ನಾಲ್ಕನೇ ಅಧ್ಯಾಯದ ಕೋಷ್ಟಕ ಸಿಗುತ್ತದೆ, ಆ ಕೋಷ್ಟಕದ ಹಿಂದಿನ ಸಾಲುಸಾಲು ಡೇಟಾ ಸಾಮಾನ್ಯವಾಗಿ ಸಿಗಲ್ಲ. ಅದು ಇರುವುದು ಯಾರದೋ ಹಳೇ ಲ್ಯಾಪ್‌ಟಾಪಿನಲ್ಲಿ, ಪೆನ್‌ಡ್ರೈವಿನಲ್ಲಿ, ಇಲ್ಲವೇ ವಿಭಾಗದ ಕಪಾಟಿನಲ್ಲಿ. ನಮ್ಮ ವಿಭಾಗದ ಕಪಾಟಿನಲ್ಲಿ ಸೀನಿಯರ್‌ಗಳ ಪ್ರಶ್ನಾವಳಿ ಕಟ್ಟುಗಳಿವೆ, ಕೆಳಗಿನ ಅರೆಯದ್ದು ಗೆದ್ದಲಿನ ಪಾಲು.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. 2014ರಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 516 ಪ್ರಕಟಿತ ಲೇಖನಗಳ ಲೇಖಕರನ್ನು ಹುಡುಕಿ, ನಿಮ್ಮ ಡೇಟಾ ಕೊಡಿ ಅಂತ ಕೇಳಿದ್ದರು. ಲೇಖನ ಒಂದೊಂದು ವರ್ಷ ಹಳೆಯದಾದಂತೆ ಅದರ ಡೇಟಾ ಉಳಿದಿರುವ ಸಂಭವ ಶೇ 17ರಂತೆ ಇಳಿಯುತ್ತಿತ್ತು. ಕಾರಣವೇನೂ ದೊಡ್ಡದಲ್ಲ. ಇಮೇಲ್ ವಿಳಾಸ ಸತ್ತಿರುತ್ತದೆ, ಡೇಟಾ ಇಟ್ಟ ಡಿಸ್ಕನ್ನು ಓದುವ ಯಂತ್ರವೇ ಇರುವುದಿಲ್ಲ.

ಹಾಗಾಗಿ ಲೈಬ್ರರಿ ಅಂದ್ರೆ ಡೇಟಾ ಇಡಲು ಜಾಗ ಕೊಡುವವರು ಅಂದುಕೊಂಡೇ ಜನ ಹೋಗುತ್ತಾರೆ. ಇಷ್ಟು ದಿನ ಬಳಸಿದ ಮೇಲೆ ನನ್ನ ಅಭಿಪ್ರಾಯ ಬೇರೆ. ಜಾಗ ಎಲ್ಲಾದರೂ ಸಿಗುತ್ತದೆ. ಫೀಲ್ಡಿಗೆ ಹೋಗುವ ಮೊದಲು ಕೂರಿಸಿ ತಲೆ ತಿನ್ನುವ ಪ್ರಶ್ನೆ ಕೇಳುವವರು ಲೈಬ್ರರಿಯಲ್ಲಿ ಮಾತ್ರ ಸಿಕ್ಕರು. ಗೈಡ್ ನೋಡುವುದು ವಾದವನ್ನು, ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ನೋಡುವುದು ಸ್ಯಾಂಪಲ್ ಅನ್ನು. ಕಾಲಂ ಹೆಡ್ಡಿಂಗ್ ನೋಡುವವರು ಯಾರು?

ಈ ಸೇವೆಗೆ ಅಂತ ಲೈಬ್ರರಿಯಲ್ಲಿ ಇರುವ ಡೇಟಾ ಡೆಸ್ಕಿನ ಮೇಡಂ ನನ್ನ ಪ್ರಶ್ನಾವಳಿಯ ಕರಡು ಓದುತ್ತಾ 'ಜಮೀನು' ಅನ್ನುವ ಕಾಲಂ ಹತ್ತಿರ ನಿಂತರು.

"ಇದರಾಗ ಎರಡು ಪಾಯಿಂಟ್ ಇಪ್ಪತ್ತು ಅಂತ ಬರದ್ರ ಎಷ್ಟ್ರೀ?"

"ಎರಡು ಎಕರೆ ಇಪ್ಪತ್ತು ಗುಂಟೆ ಮೇಡಂ, ಪಹಣಿಯೊಳಗ ಇದ್ದಂಗ."

"ನಿಮಗ ಗೊತ್ತೈತಿ. ಕಂಪ್ಯೂಟರಿಗೆ ಗೊತ್ತೈತೇನ್ರೀ?"

ನಲವತ್ತು ಗುಂಟೆಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆ ಅಂದರೆ ಎರಡೂವರೆ ಎಕರೆ. ಕಂಪ್ಯೂಟರ್ ಅದನ್ನು 2.2 ಅಂತಲೇ ಓದುತ್ತದೆ. ಆ ರೈತನ ಒಟ್ಟು ಖರ್ಚನ್ನು ಎರಡೂವರೆ ಬದಲು 2.2ರಿಂದ ಭಾಗಿಸಿದರೆ ಎಕರೆವಾರು ಖರ್ಚು ಸುಮ್ನೆ ಶೇ 13ರ ಮೇಲೆ ಏರಿಬಿಡುತ್ತದೆ. ಹೀಗಾಗಿ ಎಕರೆಗೆ ಒಂದು ಕಾಲಂ, ಗುಂಟೆಗೆ ಇನ್ನೊಂದು ಕಾಲಂ ಮಾಡಿಸಿದರು. ಹಿರಿಯರು ಕೂರಿಗೆ ಲೆಕ್ಕದಲ್ಲಿ ಹೇಳಿದರೆ ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ, ಒಂದು ಕೂರಿಗೆಗೆ ಎಷ್ಟು ಎಕರೆ ಹಿಡಿದಿರಿ ಅನ್ನುವುದನ್ನು ಪಕ್ಕದಲ್ಲಿ ಬರೆಯಿರಿ ಅಂದರು. ಚೀಲಕ್ಕೂ ಅದೇ ಮಾತು. ಚೀಲ ಅಂದರೆ ಎಷ್ಟು ಕಿಲೋ, ತೂಗಿದ್ದು ಹೊಲದಲ್ಲೋ ಮಾರ್ಕೆಟ್ಟಿನಲ್ಲೋ, ಮೆಣಸಿನಕಾಯಿ ಡಬ್ಬಿ ಜಾತಿಯದ್ದೋ ಕಡ್ಡಿ ಜಾತಿಯದ್ದೋ. ಇದೆಲ್ಲ ಕೋಡ್‌ಬುಕ್ಕಿಗೆ ಹೋಯಿತು. ಕೋಡ್‌ಬುಕ್ ಅಂದರೆ ಯಾವ ಕಾಲಂ ಏನು ಹೇಳುತ್ತದೆ, ಯಾವ ಅಳತೆಯಲ್ಲಿ, ಖಾಲಿ ಬಿಟ್ಟಿದ್ದರೆ ಯಾಕೆ ಅಂತ ಬರೆದಿಡುವ ಪಟ್ಟಿ. ಕೇಳಲು ಬೇಜಾರಿನ ಕೆಲಸ, ಮಾಡಲು ಇನ್ನೂ ಬೇಜಾರು. ಆದರೆ ಪ್ರಬಂಧ ಬರೆಯುವಾಗ ನಾನು ಅತಿ ಜಾಸ್ತಿ ತೆರೆದ ಫೈಲ್ ಅದೇ.

ಪಹಣಿ ಥರ 2-10 ಅಂತ ಗೆರೆ ಹಾಕಿ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ಅವರ ಹತ್ತಿರ ಒಂದು ಹಳೇ ಸರ್ವೆಯ ಎಕ್ಸೆಲ್ ಫೈಲ್ ಇತ್ತು. ಜಮೀನಿನ ಕಾಲಂ ತುಂಬ ತಾರೀಖುಗಳು. ಎರಡು ಎಕರೆ ಹತ್ತು ಗುಂಟೆ ಇದ್ದ ರೈತರೆಲ್ಲ ಗಾಂಧಿ ಜಯಂತಿ ಆಗಿದ್ದರು! ನಗು ಬರುತ್ತದೆ, ಆದರೆ ಇದೇ ರೋಗ ದೊಡ್ಡ ದೊಡ್ಡ ಪ್ರಯೋಗಾಲಯಗಳನ್ನೂ ಬಿಟ್ಟಿಲ್ಲ. ಮಾರ್ಚ್ 1, ಸೆಪ್ಟ್ 1 ಅನ್ನುವಂಥ ಹೆಸರಿನ ಜೀನ್‌ಗಳನ್ನು ಎಕ್ಸೆಲ್ ತಾರೀಖು ಮಾಡಿ ಮಾಡಿ, ಕೊನೆಗೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಿಸಿದ ಸುದ್ದಿ 2020ರಲ್ಲಿ ಬಂತು. ಎಕ್ಸೆಲ್ ಬದಲಾಗುವುದನ್ನು ಕಾಯುವುದಕ್ಕಿಂತ ಜೀನಿನ ಹೆಸರು ಬದಲಿಸುವುದೇ ಸುಲಭ ಅನಿಸಿರಬೇಕು.

ಕನ್ನಡದಲ್ಲಿ ಡೇಟಾ ಇಟ್ಟುಕೊಳ್ಳುವವರು ಈ ಭಾಗ ಓದಿ. ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರ್‌ನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್‌ಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹುಡುಕಿದರೆ ಒಂದು ಊರಿನ ಹೆಸರೂ ಸಿಗಲ್ಲ. ಡೇಟಾ ಡೆಸ್ಕ್ ಅವುಗಳನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸಿಕೊಡುತ್ತದೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ಅಂತ ನಾವೇ ನೋಡಬೇಕು, ಅದನ್ನು ಅವರು ಮೊದಲೇ ಹೇಳುತ್ತಾರೆ. ಇನ್ನೊಂದು: ಯೂನಿಕೋಡ್‌ನಲ್ಲೇ ಇರುವ ಶೀಟನ್ನು ಎಕ್ಸೆಲ್‌ನಿಂದ ಸಾದಾ ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಪಠ್ಯ ಫೈಲ್) ಆಗಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತದೆ. ಮೂಲ ಶೀಟ್ ಇಲ್ಲದಿದ್ದರೆ ಅದನ್ನು ವಾಪಸ್ ತರಲು ಆಗಲ್ಲ. 'ಸಿಎಸ್‌ವಿ ಯುಟಿಎಫ್-8' ಅನ್ನುವ ಆಯ್ಕೆ ಅದೇ ಪಟ್ಟಿಯಲ್ಲಿ ಇದೆ, ಅದನ್ನೇ ಒತ್ತಬೇಕು. ಡೆಸ್ಕಿನ ಪಕ್ಕದ ಗೋಡೆಗೆ ಇದನ್ನು ದೊಡ್ಡದಾಗಿ ಅಂಟಿಸಿದ್ದಾರೆ. ಇಡೀ ಲೈಬ್ರರಿಯಲ್ಲಿ ಕೆಲಸಕ್ಕೆ ಬರುವ ಪೋಸ್ಟರ್ ಅದೊಂದೇ ಅಂದರೂ ನಡೆದೀತು.

ಖಾಸಗಿ ವಿವರದ ವಿಷಯದಲ್ಲೂ ಇವರಿಗೆ ಪೂರ್ತಿ ಮಾರ್ಕು. ಹೆಸರು, ಫೋನ್ ನಂಬರ್ ತೆಗೆದರೆ ಸಾಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಅಲ್ವಾ? ನಮ್ಮ ರಾಜ್ಯದಲ್ಲಿ ಅಷ್ಟು ಸಾಲದು. ಸರ್ವೆ ನಂಬರ್, ಹಿಸ್ಸಾ ನಂಬರ್ ಇದ್ದರೆ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ತೆಗೆದು ಮಾಲೀಕರ ಹೆಸರು ಯಾರು ಬೇಕಾದರೂ ನೋಡಬಹುದು. ನನ್ನ ಶೀಟಿನಲ್ಲಿ ಯಾರು ಯಾರ ಹತ್ತಿರ ಎಷ್ಟು ಬಡ್ಡಿಗೆ ಕೈಸಾಲ ತಂದಿದ್ದಾರೆ ಅನ್ನುವುದೆಲ್ಲ ಇದೆ. ಅದು ಊರಲ್ಲಿ ತಿಳಿದರೆ ಸುಮ್ಮನೆ ಮುಗಿಯುವ ಮಾತಲ್ಲ. ಹಾಗಾಗಿ ಸರ್ವೆ ನಂಬರ್ ಕಾಲಂ ಪೂರ್ತಿ ಹೋಯಿತು. ಸರ್ವೆಯ ಉತ್ತರ ತುಂಬಿಕೊಳ್ಳುವ ಕೋಬೋ ಟೂಲ್‌ಬಾಕ್ಸ್ ಆಪ್‌ನಲ್ಲಿ ಮನೆಯ ಜಿಪಿಎಸ್ ಗುರುತನ್ನೂ ತೆಗೆದುಕೊಂಡಿದ್ದೆವು, ಅದನ್ನು ಎರಡು ದಶಮಾಂಶ ಸ್ಥಾನಕ್ಕೆ ಇಳಿಸಿದೆವು. ಆಗ ಗುರುತು ಸುಮಾರು ಒಂದು ಕಿಲೋಮೀಟರಿನಷ್ಟು ಹರಡುತ್ತದೆ, ಹಳ್ಳಿ ಗೊತ್ತಾಗುತ್ತದೆ, ಮನೆ ಗೊತ್ತಾಗಲ್ಲ. ಊರಿಗೆ ಒಂದೋ ಎರಡೋ ಇರುವ ವಸ್ತು, ಉದಾಹರಣೆಗೆ ಸ್ವಂತ ಕೋಲ್ಡ್ ಸ್ಟೋರೇಜ್, ಅಂಥ ಕಾಲಂಗಳನ್ನೂ ಬೇರೆಯದರ ಜೊತೆ ಸೇರಿಸಿ ಮಸುಕು ಮಾಡಿಸಿದರು.

ಇದೆಲ್ಲ ಕೊನೆಗೂ ಮಾಡಬಹುದು. ಒಪ್ಪಿಗೆ ಪತ್ರ ಮಾತ್ರ ಕೊನೆಗೆ ಆಗಲ್ಲ. 'ಗುರುತು ತೆಗೆದ ಮಾಹಿತಿಯನ್ನು ಬೇರೆ ಸಂಶೋಧಕರೊಂದಿಗೆ ಹಂಚಿಕೊಳ್ಳಬಹುದು' ಅನ್ನುವ ಒಂದು ಸಾಲು ಅದರಲ್ಲಿ ಮೊದಲೇ ಇರಬೇಕು. ಇಲ್ಲದಿದ್ದರೆ ಸಹಿ ಹಾಕಿದ ಪ್ರತಿ ಮನೆಗೂ ಮತ್ತೆ ಹೋಗಬೇಕು. ಕೂಲಿಗೆ ಗೋವಾ ಕಡೆ ಹೋದವರನ್ನು ಎಲ್ಲಿ ಹುಡುಕುತ್ತೀರಿ?

ಈಗ ಬೈಗುಳ.

ಲೈಬ್ರರಿಯ ಸ್ವಂತ ಭಂಡಾರ ಡಿಸ್ಪೇಸ್ ಮೇಲೆ ನಡೆಯುತ್ತದೆ. ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಬಿಟ್ಟ ಉಚಿತ ಸಾಫ್ಟ್‌ವೇರ್ ಅದು, ಜಗತ್ತಿನ ಎಷ್ಟೋ ಲೈಬ್ರರಿಗಳು ಬಳಸುತ್ತವೆ, ಅದರ ತಪ್ಪೇನಿಲ್ಲ. ತಪ್ಪು ಅದನ್ನು ನೋಡಿಕೊಳ್ಳುವ ರೀತಿಯದ್ದು. ಶನಿವಾರ ಸಂಜೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಸೋಮವಾರ ಯಾರಾದರೂ ಬಂದು ಸರ್ವರ್ ಎಬ್ಬಿಸಬೇಕು. ದಸರಾ, ದೀಪಾವಳಿ ರಜೆ ಬಂದರೆ ಇನ್ನೂ ಕಷ್ಟ. ನನ್ನ ಲೇಖನದ ರಿವ್ಯೂವರ್ ಒಬ್ಬರು 'ಡೇಟಾ ಲಿಂಕ್ ತೆರೆಯುತ್ತಿಲ್ಲ' ಅಂತ ಬರೆದದ್ದು ಇಂಥದೇ ರಜೆಯಲ್ಲಿ. ಫೈಲ್ ಗಾತ್ರಕ್ಕೆ ಹಾಕಿದ ಮಿತಿಯೂ ಸಣ್ಣದು. ನನ್ನಂಥ ಅಂಕಿಸಂಖ್ಯೆಯವರಿಗೆ ಸಾಕು. ಸೋಬಾನೆ ಪದ ರೆಕಾರ್ಡ್ ಮಾಡುವ ನನ್ನ ಗೆಳತಿಗೆ ಸಾಲುವುದಿಲ್ಲ. ಅವಳ ಗಂಟೆಗಟ್ಟಲೆಯ ವೇವ್ ಫೈಲ್‌ಗಳನ್ನು ಎಂಪಿ3 ಮಾಡಿ ತನ್ನಿ ಅಂದರಂತೆ. ಸಂಗ್ರಹಕ್ಕೆ ಇಡುವ ಧ್ವನಿಯನ್ನು ಹಿಂಡಿ ತನ್ನಿ ಅನ್ನುವುದು ಲೈಬ್ರರಿ ಆಡುವ ಮಾತಲ್ಲ. ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಇರುವ ಸೀಮೆ ನಮ್ಮದು. ಇಲ್ಲಿ ಧ್ವನಿ ಮುದ್ರಿಕೆ ಅಪರೂಪದ ಡೇಟಾ ಅಲ್ಲ.

ಇನ್ನೊಂದು ಕೊರತೆ, ಅಲ್ಲಿ ಇಟ್ಟ ಡೇಟಾಕ್ಕೆ ಡಿಒಐ (ಲೇಖನ, ಡೇಟಾಗಳಿಗೆ ಕೊಡುವ ಕಾಯಂ ಗುರುತಿನ ಸಂಖ್ಯೆ) ಸಿಗುವುದಿಲ್ಲ, ಹ್ಯಾಂಡಲ್ ಅನ್ನುವ ಇನ್ನೊಂದು ಬಗೆಯ ಕಾಯಂ ಲಿಂಕ್ ಮಾತ್ರ. ನನ್ನ ಪತ್ರಿಕೆಯವರು ಡಿಒಐ ಕೇಳಿದರು. ಕೊನೆಗೆ ಝೆನೊಡೊ ಅನ್ನುವ ಆನ್‌ಲೈನ್ ಡೇಟಾ ಭಂಡಾರಕ್ಕೆ ಹೋದೆ. ಜಿನೀವಾದ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್‌ನವರು 2013ರಿಂದ ನಡೆಸುತ್ತಿರುವುದು, ದುಡ್ಡಿಲ್ಲ, ಒಂದು ದಾಖಲೆಗೆ 50 ಜಿಬಿ ತನಕ ಇಡಬಹುದು, ಡಿಒಐ ಅಲ್ಲೇ ಸಿಗುತ್ತದೆ. ಒಮ್ಮೆ ಪ್ರಕಟಿಸಿದ ಫೈಲನ್ನು ಸುಮ್ನೆ ಬದಲಿಸಲು ಬಿಡಲ್ಲ, ಹೊಸ ಆವೃತ್ತಿ ಹಾಕಬೇಕು, ಅದಕ್ಕೆ ಬೇರೆ ಡಿಒಐ. ಇದು ಒಳ್ಳೆಯದೇ. ಯಾವ ಲೆಕ್ಕ ಯಾವ ಆವೃತ್ತಿಯಿಂದ ಬಂತು ಅಂತ ಜಗಳ ಇರುವುದಿಲ್ಲ.

ಹಾಗಾದ್ರೆ ಝೆನೊಡೊ ಇರುವಾಗ ಲೈಬ್ರರಿ ಯಾಕೆ? ಝೆನೊಡೊ ಏನನ್ನೂ ಕೇಳುವುದಿಲ್ಲ, ಅದಕ್ಕೇ ಲೈಬ್ರರಿ ಬೇಕು. ಗಾಂಧಿ ಜಯಂತಿ ತುಂಬಿದ ಶೀಟ್ ಕೊಟ್ಟರೂ ತಗೊಂಡು ಡಿಒಐ ಕೊಟ್ಟುಬಿಡುತ್ತದೆ. ಪಹಣಿ ಅಂದ್ರೇನು ಅಂತ ಜಿನೀವಾದಲ್ಲಿ ಯಾರಿಗೆ ಗೊತ್ತು? ವಿವರಣೆ ಹೇಗೆ ಬರೆಯಬೇಕು, ಯಾವ ಲೈಸೆನ್ಸ್ ಹಾಕಬೇಕು ಅನ್ನುವುದನ್ನು ನನಗೆ ಹೇಳಿಕೊಟ್ಟವರು ಇದೇ ಡೆಸ್ಕಿನವರು. ನಮ್ಮ ಸರ್ವರಿನಲ್ಲೇ ಇಡಿ ಅಂತ ಹಟ ಮಾಡಲಿಲ್ಲ, ಅದಕ್ಕೆ ಮೆಚ್ಚಬೇಕು.

ಹೇಳಲೇಬೇಕಾದ ದೊಡ್ಡ ದೂರು ಬೇರೆ ಇದೆ. ಆ ಮೇಡಂ ಗುತ್ತಿಗೆ ಮೇಲೆ ಇದ್ದವರು. ಗುತ್ತಿಗೆ ಮುಂದುವರಿಯಲಿಲ್ಲ, ಅವರು ಹೋದರು. ಆಮೇಲೆ ತಿಂಗಳುಗಟ್ಟಲೆ ಡೆಸ್ಕಿನ ಮೇಲೆ 'ಸಹಾಯಕ್ಕೆ ಇಮೇಲ್ ಮಾಡಿ' ಅನ್ನುವ ಚೀಟಿ ಮಾತ್ರ ಇತ್ತು. ಆ ಇಮೇಲ್ ನೋಡುವವರೂ ಅವರೇ ಆಗಿದ್ದರು! ಹೊಸಬರು ಬಂದಾಗ ಯಾರ ಡೇಟಾ ಎಷ್ಟು ದಿನ ಮುಚ್ಚಿಡಬೇಕು, ಯಾರ ಫೈಲಿನ ಯಾವ ಆವೃತ್ತಿ ಕೊನೆಯದು, ಯಾವುದೂ ಬರೆದಿಟ್ಟಿರಲಿಲ್ಲ. ನಮ್ಮೆಲ್ಲರ ಹತ್ತಿರ ರೀಡ್‌ಮಿ (ಫೈಲ್‌ಗಳಲ್ಲಿ ಏನೇನಿದೆ ಅಂತ ಹೇಳುವ ಟಿಪ್ಪಣಿ) ಬರೆಸುವ ಸೇವೆಗೇ ಒಂದು ರೀಡ್‌ಮಿ ಇರಲಿಲ್ಲ. ಇದನ್ನು ಮೇಡಂ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಒಬ್ಬರೇ ಇದ್ದರು, ಅವರಿಗೆ ಪ್ಲೇಜಿಯರಿಸಂ ರಿಪೋರ್ಟ್ ತೆಗೆಯುವ ಕೆಲಸವೂ ಇತ್ತು. ಡೇಟಾಕ್ಕೆ ಅಂತ ಒಂದು ಕಾಯಂ ಹುದ್ದೆ ಮಾಡದೆ ಸೇವೆ ಶುರು ಮಾಡಿದವರು ಉತ್ತರ ಕೊಡಬೇಕು. ಈಗ ಬಂದಿರುವ ಸರ್ ಕೂಡ ಗುತ್ತಿಗೆಯವರೇ. ಚುರುಕಾಗಿದ್ದಾರೆ, ಎಲ್ಲವನ್ನೂ ಒಂದು ರಿಜಿಸ್ಟರಿಗೆ ಹತ್ತಿಸುತ್ತಿದ್ದಾರೆ.

ವರ್ಕ್‌ಶಾಪ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ. ಸಿಗಬೇಕು, ತೆರೆಯಬೇಕು, ಬೇರೆಯದರ ಜೊತೆ ಹೊಂದಬೇಕು, ಮತ್ತೆ ಬಳಸಲು ಬರಬೇಕು ಅನ್ನುವ 2016ರ ಫೇರ್ ತತ್ವಗಳನ್ನು ಸ್ಲೈಡ್ ನೋಡಿ ಓದುತ್ತಾರೆ, ಸರ್ಟಿಫಿಕೇಟ್ ಕೊಡುತ್ತಾರೆ. ಗಿರ್ಮಿಟ್, ಮಿರ್ಚಿ ಚೆನ್ನಾಗಿರುತ್ತದೆ.

ಹೋಗುವುದಿದ್ದರೆ ಖಾಲಿ ಪ್ರಶ್ನಾವಳಿ ಮತ್ತು ಒಪ್ಪಿಗೆ ಪತ್ರದ ಕರಡು ತೆಗೆದುಕೊಂಡು ಹೋಗಿ, ತುಂಬಿದ ಶೀಟ್ ಅಲ್ಲ. ಮಾರ್ಚ್‌ನಲ್ಲಿ ಬಿಲ್ಲುಗಳ ಗಡಿಬಿಡಿ, ವಿಶ್ವವಿದ್ಯಾಲಯಕ್ಕೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವಾಗಂತೂ ಲೈಬ್ರರಿಯಲ್ಲಿ ಯಾರೂ ಕೈಗೆ ಸಿಗಲ್ಲ. ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ ಹತ್ತುವ ಮೊದಲು ಒಂದು ಫೋನ್ ಮಾಡಿ. ಹೊರಗಿನ ಕಾಲೇಜಿನವರಿಗೂ ಪ್ರಶ್ನಾವಳಿ ನೋಡಿಕೊಡುತ್ತಾರೆ, ಗೈಡ್ ಸಹಿ ಇರುವ ಪತ್ರ ಬೇಕು. ಡೇಟಾ ಇಡಲು ಮಾತ್ರ ಅವರಿಗೆ ಜಾಗ ಕೊಡಲ್ಲ. ಅದಕ್ಕೇನೂ ಬೇಜಾರು ಮಾಡಿಕೊಳ್ಳಬೇಡಿ.